ಮಗುವಿನ ಊಟದ ರಾಡಿ ನಿಭಾಯಿಸುವುದು: ಕೂರಿಸುವ ಮುಂಚಿನಿಂದ ನೆಲ ಒರೆಸುವವರೆಗೆ

ಮಗುವಿಗೆ ಗಟ್ಟಿ ಆಹಾರ ಶುರು ಮಾಡಿದ ಮೇಲೆ ಎಷ್ಟೋ ಮನೆಗಳಲ್ಲಿ ಒಂದೇ ಗೋಳು. ಊಟ ಹತ್ತು ನಿಮಿಷ, ಆಮೇಲೆ ಒರೆಸಿ ತೊಳೆಯುವುದು ಮುಕ್ಕಾಲು ಗಂಟೆ. ಕೂದಲಲ್ಲಿ ಗಂಜಿ, ಗೋಡೆಗೆ ಬಾಳೆಹಣ್ಣು, ಬಿಬ್ ಕಟ್ಟಿದ್ದರೂ ಅಂಗಿ ಒದ್ದೆ. ಬೇಸತ್ತವರು ಮೊದಲು ಬಿಬ್ ಬದಲಿಸುತ್ತಾರೆ, ಆಮೇಲೆ ಬಟ್ಟಲು ಬದಲಿಸುತ್ತಾರೆ. ಕೊನೆಗೆ ಮಗುವಿನ ಎರಡೂ ಕೈ ಹಿಡಿದುಕೊಂಡು ತಾವೇ ಬಾಯಿಗೆ ತುರುಕಲು ಶುರು ಮಾಡುತ್ತಾರೆ. ಅಲ್ಲಿಂದ ಪ್ರತಿ ಊಟವೂ ಜಗಳವೇ.

ತೊಂದರೆ ಸಾಮಾನಿನದ್ದಾಗಿರುವುದು ಕಡಿಮೆ. ಕೆಲಸದ ಕ್ರಮ ಹಿಂದುಮುಂದಾಗಿರುತ್ತದೆ. ಊಟಕ್ಕೆ ಮುಂಚೆ ಮಾಡಬೇಕಾದ್ದನ್ನು ಊಟದ ಮಧ್ಯೆ ಮಾಡುತ್ತೇವೆ, ಕೊನೆಯಲ್ಲಿ ಒರೆಸಬೇಕಾದ್ದನ್ನು ಪ್ರತಿ ತುತ್ತಿಗೂ ಒರೆಸುತ್ತೇವೆ. ರಾಡಿಯೇ ಆಗದಂತೆ ತಡೆಯಲು ಯಾರಿಂದಲೂ ಆಗದು. ಮಗು ಮುಟ್ಟಿ, ಹಿಸುಕಿ, ಬೀಳಿಸಿಯೇ ತಿನ್ನಲು ಕಲಿಯುತ್ತದೆ. ನಮ್ಮ ಕೈಯಲ್ಲಿರುವುದು ಎರಡೇ: ರಾಡಿ ಎಷ್ಟು ಜಾಗಕ್ಕೆ ಹರಡಬೇಕು, ಅದನ್ನು ತೆಗೆಯಲು ಎಷ್ಟು ಹೊತ್ತು ಹಿಡಿಯಬೇಕು. ಕೆಳಗಿನ ಹಂತಗಳನ್ನು ಇದೇ ಕ್ರಮದಲ್ಲಿ ಮಾಡಿ.

ಹಂತ 1: ಮಗು ತಯಾರಾಗಿದೆಯೇ ನೋಡಿ

ಬೇಗ ಶುರು ಮಾಡಿದರೆ ರಾಡಿ ಜಾಸ್ತಿ. ಪುಟ್ಟ ಮಕ್ಕಳ ನಾಲಿಗೆ ಬಾಯಿಗೆ ಬಂದದ್ದನ್ನು ತಾನಾಗಿಯೇ ಹೊರಕ್ಕೆ ತಳ್ಳುತ್ತದೆ. ಈ ಗುಣ ಇನ್ನೂ ಹೋಗಿರದಿದ್ದರೆ ಹಾಕಿದ್ದೆಲ್ಲ ಗಲ್ಲದ ಮೇಲೆ ಇಳಿಯುತ್ತದೆ. ಮಗುವಿಗೆ ರುಚಿ ಹಿಡಿಸಲಿಲ್ಲ ಎಂದು ಅಮ್ಮಂದಿರು ಬೇಸರ ಮಾಡಿಕೊಳ್ಳುತ್ತಾರೆ. ಅದಕ್ಕೆ ನುಂಗಲು ಬರುತ್ತಿಲ್ಲ ಅಷ್ಟೇ.

ವಿಶ್ವ ಆರೋಗ್ಯ ಸಂಸ್ಥೆ ಹೇಳುವ ವಯಸ್ಸು 6 ತಿಂಗಳು. ಎದೆಹಾಲಿನ ಜೊತೆಗೇ ಬೇರೆ ಆಹಾರ ಶುರುವಾಗಬೇಕಾದ ಸಮಯ ಅದು. ವಯಸ್ಸಿನ ಜೊತೆಗೆ ಮೂರು ವಿಷಯ ಗಮನಿಸಿ. ಮಗು ಸ್ವಲ್ಪ ಆಸರೆ ಕೊಟ್ಟರೆ ನೆಟ್ಟಗೆ ಕೂತು ತಲೆಯನ್ನು ಗಟ್ಟಿಯಾಗಿ ಹಿಡಿದುಕೊಳ್ಳಬೇಕು. ಕೈಗೆ ಸಿಕ್ಕಿದ್ದನ್ನು ನೇರವಾಗಿ ಬಾಯಿಗೆ ಒಯ್ಯಬೇಕು. ತುಟಿಗೆ ಚಮಚ ತಾಗಿದಾಗ ಬಾಯಿ ತೆರೆದು, ಒಳಗೆ ಹೋದದ್ದರಲ್ಲಿ ಸ್ವಲ್ಪವಾದರೂ ನುಂಗಬೇಕು. ಅವಧಿಗೆ ಮುಂಚೆ ಹುಟ್ಟಿದ ಮಗುವಾದರೆ ಯಾವಾಗ ಶುರು ಮಾಡಬೇಕೆಂದು ಡಾಕ್ಟರನ್ನೇ ಕೇಳಿ.

ಹಾಗಂತ ರಾಡಿಗೆ ಹೆದರಿ ತಿಂಗಳುಗಟ್ಟಲೆ ಮುಂದೂಡಬೇಡಿ. ಹುಟ್ಟುವಾಗ ಮೈಯಲ್ಲಿ ಕೂಡಿಟ್ಟುಕೊಂಡು ಬಂದ ಕಬ್ಬಿಣದ ಅಂಶ 6 ತಿಂಗಳ ಹೊತ್ತಿಗೆ ಕರಗುತ್ತಾ ಬಂದಿರುತ್ತದೆ. ಅದು ಊಟದಿಂದಲೇ ಸಿಗಬೇಕು.

ಹಂತ 2: ಒಂದೇ ಜಾಗ, ಗಟ್ಟಿ ಕುರ್ಚಿ

ಊಟಕ್ಕೆ ಒಂದು ಜಾಗ ಗೊತ್ತು ಮಾಡಿ. ಒಂದು ದಿನ ಸೋಫಾ, ಇನ್ನೊಂದು ದಿನ ಹಾಸಿಗೆ ಅಂತಾದರೆ ಮನೆ ತುಂಬ ಕಲೆ. ತೊಳೆಯುವ ನೀರಿಗೆ ಹತ್ತಿರ, ಒರೆಸಲು ಬರುವ ನೆಲ, ಬಟ್ಟೆ ಹೊದಿಸಿದ ಕುರ್ಚಿಗಳಿಂದ ದೂರ: ಇಷ್ಟಿದ್ದರೆ ಸಾಕು. ಗೋಡೆಯಿಂದ ಕನಿಷ್ಠ ನಿಮ್ಮ ಒಂದು ತೋಳಿನಷ್ಟು ದೂರ ಇರಲಿ. ಗೋಡೆ ಹತ್ತಿರವಿದ್ದರೆ ಎಸೆದದ್ದು ಗೋಡೆಗೇ ಬಡಿಯುತ್ತದೆ. ಮಗು ಕಾಲು ಕೊಟ್ಟು ಗೋಡೆಯನ್ನು ಒದ್ದರೆ ಕುರ್ಚಿಯೇ ವಾಲಬಹುದು.

ಕುರ್ಚಿ ಆರಿಸುವಾಗ ಚಂದಕ್ಕಿಂತ ತೊಳೆಯಲು ಎಷ್ಟು ಸುಲಭ ಎಂದು ನೋಡಿ. ಮೆತ್ತನೆಯ ದಿಂಬು, ಹೊಲಿಗೆ, ಸಣ್ಣ ಸಂದುಗಳು ಕಡಿಮೆ ಇದ್ದಷ್ಟೂ ಒಳ್ಳೆಯದು. ಟ್ರೇ ಮತ್ತು ಬೆಲ್ಟ್ ಎರಡೂ ಕಳಚಲು ಬರಬೇಕು. ಕಾಲು ಊರಲು ಜಾಗ ಇರಲೇಬೇಕು, ಇದನ್ನು ಬಹಳ ಜನ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಕಾಲು ನೇತಾಡುತ್ತಿದ್ದರೆ ಮಗು ಜಾರುತ್ತದೆ, ವಾಲುತ್ತದೆ, ಸಮತೋಲಕ್ಕೆ ಟ್ರೇಯನ್ನು ಹಿಡಿದುಕೊಳ್ಳುತ್ತದೆ. ಕೈ ಅಲ್ಲೇ ಸಿಕ್ಕಿಕೊಂಡರೆ ತಿನ್ನುವುದು ಹೇಗೆ? ಸೊಂಟ, ಮಂಡಿ, ಪಾದ ಮೂರೂ ಸರಿಯಾಗಿ ಮಡಿಚಿ ಊರಿದ್ದರೆ ಚೆಲ್ಲುವುದು ತಾನಾಗಿಯೇ ಕಡಿಮೆಯಾಗುತ್ತದೆ. ಕುರ್ಚಿಗೆ ಕಾಲುಹಲಗೆ ಇಲ್ಲದಿದ್ದರೆ ಗಟ್ಟಿಯಾದ ಪೆಟ್ಟಿಗೆಯನ್ನು ಪಾದದ ಕೆಳಗೆ ಅಲುಗಾಡದಂತೆ ಕಟ್ಟಿ.

ನೆಲದಲ್ಲಿ ಕೂರಿಸಿ ತಿನ್ನಿಸುವುದಾದರೂ ಬೆನ್ನಿಗೆ ಆಸರೆ ಮತ್ತು ಮುಂದೆ ಒಂದು ತಗ್ಗಿನ ಹಲಗೆ ಇರಲಿ. ಒರಗಿಸಿ ಅಥವಾ ಮಲಗಿಸಿ ತಿನ್ನಿಸಬೇಡಿ. ಆಹಾರ ಉಸಿರಿನ ದಾರಿಗೆ ಇಳಿಯುವ ಅಪಾಯ ಇದೆ.

ಹಂತ 3: ಸಾಮಾನು, ಬೇಕಾದಷ್ಟೇ

ಅಂಗಡಿಯಲ್ಲಿ ನೂರೆಂಟು ಸಿಗುತ್ತವೆ. ದಿನಾ ಕೈಗೆ ಬರುವುದು ಇಷ್ಟು:

- ತೋಳಿರುವ ಬಿಬ್ ಎರಡು. ನೀರು ಇಳಿಯದ ಬಟ್ಟೆಯದ್ದು ಒಳ್ಳೆಯದು. ಮಗು ತಾನೇ ಕೈ ಹಾಕಿ ತಿನ್ನುವ ದಿನಗಳಿಗೆ ಇದೇ ಬೇಕು.
- ಮುಂದೆ ಜೇಬಿನಂತೆ ತೆರೆದಿರುವ ಸಿಲಿಕೋನ್ ಬಿಬ್ ಒಂದು. ಬಿದ್ದದ್ದನ್ನು ಹಿಡಿಯುತ್ತದೆ, ಆದರೆ ತೋಳನ್ನು ಕಾಪಾಡುವುದಿಲ್ಲ.
- ಕುರ್ಚಿಯ ಕೆಳಗೆ ಹಾಸಲು ಏನಾದರೂ.
- ಮೆತ್ತಗಿನ ಸಣ್ಣ ಬಟ್ಟೆಗಳು ಆರೇಳು, ಪ್ರತಿ ಊಟಕ್ಕೆ ಎರಡರಂತೆ.
- ಕೆಳಗೆ ಅಂಟಿಕೊಳ್ಳುವ ಬಟ್ಟಲು ಒಂದು, ತುದಿ ಮೆತ್ತಗಿರುವ ಪುಟ್ಟ ಚಮಚ ಮೂರು.
- ತೆರೆದ ಬಾಯಿಯ ಪುಟ್ಟ ಲೋಟ.

ಹಾಸುವುದರ ಬಗ್ಗೆ ಒಂದು ಮಾತು. ಪ್ಲಾಸ್ಟಿಕ್ ಹಾಳೆ ಒರೆಸಲು ಸುಲಭ, ಆದರೆ ನಯವಾದ ನೆಲದ ಮೇಲೆ ಅದೇ ಜಾರುತ್ತದೆ. ಮಗುವನ್ನು ಎತ್ತಿಕೊಂಡು ಅದರ ಮೇಲೆ ಕಾಲಿಟ್ಟರೆ ಇಬ್ಬರಿಗೂ ಪೆಟ್ಟು. ಅಡಿಯಲ್ಲಿ ಹಿಡಿತ ಇರುವುದನ್ನೇ ಕೊಳ್ಳಿ. ನನ್ನ ಮಟ್ಟಿಗೆ ಹಳೇ ಹತ್ತಿಯ ಹಾಸು ಸಾಕು: ನಾಲ್ಕು ಮೂಲೆ ಹಿಡಿದು ಎತ್ತಿ, ಹೊರಗೆ ಕೊಡವಿ, ಒಗೆಯಲು ಹಾಕುವುದು. ಹಳೇ ಪೇಪರ್ ಮಾತ್ರ ಬೇಡ. ಒದ್ದೆಯಾಗಿ ಹರಿಯುತ್ತದೆ, ಆ ಚೂರು ಮಗುವಿನ ಕೈಗೆ, ಅಲ್ಲಿಂದ ಬಾಯಿಗೆ.

ಅಂಟಿಕೊಳ್ಳುವ ಬಟ್ಟಲು ಕಿತ್ತು ಬರುತ್ತದೆ ಎಂದು ದೂರುವವರು ಮೊದಲು ಟ್ರೇ ನೋಡಲಿ. ಎಣ್ಣೆ ಜಿಡ್ಡು ಅಥವಾ ಒಣಗಿದ ಗಂಜಿ ಇದ್ದರೆ ಅದು ಹಿಡಿಯುವುದಿಲ್ಲ. ಟ್ರೇ ತೊಳೆದು, ಬಟ್ಟಲಿನ ಅಡಿಯನ್ನು ಚೂರು ನೀರಿನಲ್ಲಿ ಒದ್ದೆ ಮಾಡಿ, ಮಧ್ಯದಲ್ಲಿ ಒತ್ತಿ. ಅಂಚನ್ನು ಎತ್ತಿ ಕೀಳುವುದನ್ನು ಮಗು ಕೆಲವೇ ತಿಂಗಳಲ್ಲಿ ಕಂಡುಕೊಳ್ಳುತ್ತದೆ. ಆಮೇಲೆ ಬಟ್ಟಲನ್ನೇ ಬಿಟ್ಟು ನೇರವಾಗಿ ಟ್ರೇ ಮೇಲೆ ಬಡಿಸಿ.

ಹಂತ 4: ಕೂರಿಸುವ ಮುಂಚಿನ ಐದು ನಿಮಿಷ

ಎಲ್ಲಕ್ಕಿಂತ ಮುಖ್ಯ ಹಂತ ಇದೇ. ಹೆಚ್ಚಿನವರು ಬಿಡುವುದೂ ಇದನ್ನೇ.

ಮೊದಲು ಹಾಸು ಹಾಸಿ. ಎರಡು ಬಟ್ಟೆಗಳನ್ನು ಉಗುರುಬೆಚ್ಚಗಿನ ನೀರಿನಲ್ಲಿ ಅದ್ದಿ, ಹಿಂಡಿ, ಒಂದು ಬಟ್ಟಲಲ್ಲಿ ಇಡಿ. ಆ ಬಟ್ಟಲು ನೀವು ಕೂತಲ್ಲಿಂದಲೇ ಕೈಗೆ ಸಿಗಬೇಕು, ಮಗುವಿನ ಕೈಗೆ ಸಿಗಬಾರದು. ಬಟ್ಟೆ ತರಲು ಎದ್ದು ಹೋಗುವ ಆ ಅರೆನಿಮಿಷವೇ ಅಪಾಯ. ಮಗು ಬೆಲ್ಟ್‌ನಿಂದ ಜಾರುವುದು, ದೊಡ್ಡ ತುಂಡು ಬಾಯಿಗೆ ಹಾಕಿಕೊಳ್ಳುವುದು ಆಗಲೇ. ತಿನ್ನುತ್ತಿರುವ ಮಗುವನ್ನು ಒಂಟಿಯಾಗಿ ಬಿಟ್ಟು ಎಲ್ಲಿಗೂ ಹೋಗಬಾರದು.

ಆಮೇಲೆ ಆಹಾರವನ್ನು ಎರಡು ಪಾಲು ಮಾಡಿ. ದೊಡ್ಡ ಪಾಲು ನಿಮ್ಮ ಹತ್ತಿರ, ಮಗುವಿಗೆ ಕಾಣದ ಹಾಗೆ. ಸಣ್ಣ ಪಾಲು ಬಡಿಸಲು. ಬಿಸಿ ಎಷ್ಟಿದೆ ಎಂದು ಮಣಿಕಟ್ಟಿನ ಒಳಭಾಗಕ್ಕೆ ತಾಗಿಸಿ ನೋಡಿ.

ನಂತರ ಮಗು. ಸೆಕೆ ಇದ್ದರೆ ಬರೀ ಡಯಾಪರ್ ಸಾಕು, ಅಂಗಿ ಒಗೆಯುವ ಕೆಲಸವೇ ಉಳಿಯಿತು. ಚಳಿ ಇದ್ದರೆ ತೋಳು ಮಡಿಚಿ ಬಿಬ್ ಹಾಕಿ. ಬಾಯಿಯ ಸುತ್ತ ಕೆಂಪಾಗುವ ಮಗುವಾದರೆ ಗಲ್ಲ ಮತ್ತು ಕೆನ್ನೆಗೆ ಪೆಟ್ರೋಲಿಯಂ ಜೆಲ್ಲಿ ತೆಳುವಾಗಿ ಸವರಿ. ಟೊಮೇಟೊ, ಕಿತ್ತಳೆಯಂಥ ಹುಳಿ ತಾಗಿ ಬರುವ ಉರಿ ಇದರಿಂದ ಕಡಿಮೆಯಾಗುತ್ತದೆ. ನಿಮ್ಮ ಕೈ, ಮಗುವಿನ ಕೈ ಎರಡನ್ನೂ ಸೋಪು ಹಾಕಿ ತೊಳೆಯಿರಿ. ಮಗು ಆ ಕೈಯನ್ನೇ ತಿನ್ನುತ್ತದೆ ತಾನೇ?

ಕೂರಿಸಿ, ಬೆಲ್ಟ್ ಹಾಕಿ, ಟ್ರೇ ಸಿಕ್ಕಿಸಿ. ಆಹಾರ ಕೊನೆಗೆ ಬರಲಿ. ತಟ್ಟೆ ಮೊದಲು ಇಟ್ಟು ಆಮೇಲೆ ಬೆಲ್ಟ್ ಹುಡುಕುತ್ತಾ ಇದ್ದರೆ ಮೊದಲ ಚೆಲ್ಲಾಟ ಅಲ್ಲೇ ಆಗುತ್ತದೆ.

ಸಮಯದ್ದೂ ಒಂದು ಲೆಕ್ಕ ಇದೆ. ತೀರಾ ಹಸಿದ ಅಥವಾ ನಿದ್ದೆಗಣ್ಣಿನ ಮಗು ಕಲಿಯುವ ಸ್ಥಿತಿಯಲ್ಲಿ ಇರುವುದಿಲ್ಲ, ಎಸೆಯುತ್ತದೆ. ಜಾಸ್ತಿ ಮೆತ್ತಿಕೊಳ್ಳುವ ಊಟವನ್ನು ಸ್ನಾನಕ್ಕೆ ಮುಂಚೆ ಇಟ್ಟುಕೊಳ್ಳಿ. ಹೊರಗೆ ಹೊರಡುವ ಗಡಿಬಿಡಿಯಲ್ಲಿ ಕೈಗೆ ಅಂಟದ ಮೆತ್ತನೆಯ ತುಂಡುಗಳನ್ನಷ್ಟೇ ಕೊಡಿ.

ಹಂತ 5: ಬಡಿಸುವ ರೀತಿ

ತಟ್ಟೆ ತುಂಬ ಬಡಿಸಿದರೆ ತಟ್ಟೆ ತುಂಬ ಚೆಲ್ಲುತ್ತದೆ. ಒಮ್ಮೆಗೆ ಎರಡು ಮೂರು ತುಂಡು ಅಥವಾ ಒಂದು ಚಮಚ. ಮುಗಿದರೆ ಇನ್ನೊಂದು. ಶುರುವಿನಲ್ಲಿ ಮಗುವಿನ ಹೊಟ್ಟೆಗೆ ಬೇಕಾಗುವುದೂ ಅಷ್ಟೇ: ಹೊತ್ತಿಗೆ ಎರಡು ಮೂರು ದೊಡ್ಡ ಚಮಚ, ದಿನಕ್ಕೆ ಎರಡು ಮೂರು ಬಾರಿ. 9 ತಿಂಗಳ ನಂತರ ದಿನಕ್ಕೆ ಮೂರು ನಾಲ್ಕು ಬಾರಿ. ಬಾಕಿ ಹೊಟ್ಟೆಯನ್ನು ಹಾಲು ತುಂಬಿಸುತ್ತದೆ.

ಗಂಜಿ, ಹಿಸುಕಿದ ತರಕಾರಿ ಗಟ್ಟಿಯಾಗಿರಲಿ. ಚಮಚ ಓರೆ ಮಾಡಿದರೂ ಥಟ್ಟನೆ ಸುರಿಯಬಾರದು. ನೀರು ನೀರಾಗಿ ಕೊಡುವವರು ಎರಡು ರೀತಿ ಸೋಲುತ್ತಾರೆ. ಚೆಲ್ಲುವುದು ಜಾಸ್ತಿ, ಹೊಟ್ಟೆಗೆ ಹೋಗುವ ಸತ್ವ ಕಡಿಮೆ.

ತುಂಡುಗಳ ಆಕಾರ ವಯಸ್ಸಿಗೆ ತಕ್ಕಂತೆ ಇರಬೇಕು. 6 ತಿಂಗಳ ಮಗು ಇಡೀ ಅಂಗೈಯಿಂದ ಹಿಡಿಯುತ್ತದೆ. ಮುಷ್ಟಿಯಿಂದ ಹೊರಗೆ ಉಳಿದದ್ದನ್ನಷ್ಟೇ ಅದು ತಿನ್ನಬಲ್ಲದು. ಹಾಗಾಗಿ ನಿಮ್ಮ ಬೆರಳಿನಷ್ಟು ಉದ್ದ, ದಪ್ಪದ ತುಂಡು ಬೇಕು. ಹೆಬ್ಬೆರಳು ತೋರುಬೆರಳು ಸೇರಿಸಿ ಹೆಕ್ಕಲು ಬರುವುದು ಸುಮಾರು 9 ತಿಂಗಳ ನಂತರ. ಸಣ್ಣ ಚೂರುಗಳು ಆಗ. ಬಾಳೆಹಣ್ಣು ಕೈಯಲ್ಲಿ ಜಾರಿ ಪುಡಿಯಾಗುತ್ತಿದ್ದರೆ ಅದನ್ನು ಉದ್ದಕ್ಕೆ ಸೀಳಿ, ಬ್ರೆಡ್ಡಿನ ಪುಡಿಯಲ್ಲಿ ಹೊರಳಿಸಿ ಕೊಡಿ. ಮಗುವಿಗೆ ಹಿಡಿತ ಸಿಗುತ್ತದೆ, ಟ್ರೇಗೂ ಕಡಿಮೆ ಮೆತ್ತುತ್ತದೆ.

ಎಲ್ಲ ತುಂಡುಗಳೂ ಎರಡು ಬೆರಳ ಮಧ್ಯೆ ಒತ್ತಿದರೆ ಹಿಸುಕಿ ಹೋಗುವಷ್ಟು ಮೆತ್ತಗಿರಬೇಕು. ಇಡೀ ದ್ರಾಕ್ಷಿ, ಇಡೀ ಬೀಜಗಳು, ಹಸಿ ಕ್ಯಾರೆಟ್, ಪಾಪ್‌ಕಾರ್ನ್, ಗಟ್ಟಿ ಮಿಠಾಯಿ ಕೊಡಲೇಬಾರದು. ದ್ರಾಕ್ಷಿಯನ್ನು ಉದ್ದಕ್ಕೆ ನಾಲ್ಕು ಸೀಳು ಮಾಡಿ. ಒಂದು ವರ್ಷ ತುಂಬುವವರೆಗೆ ಜೇನುತುಪ್ಪ ನೆಕ್ಕಿಸಬೇಡಿ. ಅದರಲ್ಲಿ ಇರಬಹುದಾದ ಬ್ಯಾಕ್ಟೀರಿಯಾದ ಬೀಜಕಣಗಳು ಪುಟ್ಟ ಕರುಳಿನಲ್ಲಿ ಬೆಳೆದು ಬೊಟುಲಿಸಂ ಎಂಬ ಗಂಭೀರ ಕಾಯಿಲೆ ತರಬಹುದು.

ನೀರು ಲೋಟದ ತಳದಲ್ಲಿ ಎರಡು ಗುಟುಕಿನಷ್ಟು ಮಾತ್ರ ಇರಲಿ. ಇಡೀ ಲೋಟ ಮಗುಚಿದರೂ ಒಂದು ಬಟ್ಟೆಯಲ್ಲಿ ಮುಗಿಯುತ್ತದೆ.

ಹಂತ 6: ಊಟದ ಮಧ್ಯೆ ಒರೆಸಬೇಡಿ

ಪ್ರತಿ ತುತ್ತಿನ ನಂತರ ಬಾಯಿ ಒರೆಸುವುದು, ಚಮಚದ ಅಂಚಿನಿಂದ ಗಲ್ಲ ಕೆರೆದು ಮತ್ತೆ ಬಾಯಿಗೆ ಹಾಕುವುದು, ಬೆರಳಿಗೆ ಅಂಟಿದ್ದನ್ನು ಆಗಾಗ ಉಜ್ಜುವುದು. ಪ್ರೀತಿಯಿಂದಲೇ ಮಾಡುತ್ತೇವೆ, ಒಪ್ಪೋಣ. ಆದರೆ ಮಗುವಿಗೆ ಅದು ಕಿರಿಕಿರಿ. ಮುಖ ತಿರುಗಿಸುತ್ತದೆ, ಕೈ ಬೀಸುತ್ತದೆ, ಆ ಬೀಸಿಗೆ ಚಮಚ ಹಾರುತ್ತದೆ. ದಿನಾ ಹೀಗಾದರೆ ಚಮಚ ಕಂಡರೇ ಬಾಯಿ ಮುಚ್ಚುತ್ತದೆ. ಕೈಗೆ ಅಂಟಿದ್ದು ಕೊಳಕು ಎಂಬುದೂ ಅದಕ್ಕೆ ನಮ್ಮಿಂದಲೇ ಗೊತ್ತಾಗುತ್ತದೆ.

ಕಣ್ಣಿಗೆ ಹೋಗುವಂತಿದ್ದರೆ ಒರೆಸಿ. ನೆಲಕ್ಕೆ ಬಿದ್ದದ್ದರ ಮೇಲೆ ಯಾರಾದರೂ ಜಾರುವಂತಿದ್ದರೆ ಒರೆಸಿ. ಉಳಿದದ್ದು ಹಾಗೇ ಇರಲಿ.

ಚಮಚಕ್ಕೆ ಜಗಳ ಬಂದರೆ ಅದಕ್ಕೊಂದು, ನಿಮಗೊಂದು. ಅದರ ಚಮಚಕ್ಕೆ ಗಂಜಿ ಮೆತ್ತಿ ಕೈಗೆ ಕೊಡಿ. ಅದನ್ನು ಬಾಯಿಗೆ ಒಯ್ಯುವಷ್ಟರಲ್ಲಿ ಎರಡನೆಯದನ್ನು ತಯಾರು ಮಾಡಿ. ಮೂರನೇ ಚಮಚ ನೆಲಕ್ಕೆ ಬಿದ್ದದ್ದರ ಬದಲಿಗೆ. ಕೊನೆಯಲ್ಲಿ ಎಷ್ಟು ಹೊಟ್ಟೆಗೆ ಹೋಯಿತು, ಎಷ್ಟು ನೆಲಕ್ಕೆ ಹೋಯಿತು ಎಂದು ಕಣ್ಣಳತೆಯಲ್ಲಿ ಲೆಕ್ಕ ಹಾಕಿ ಕೊರಗಬೇಡಿ. ಒದ್ದೆಯಾಗುವ ಡಯಾಪರ್‌ಗಳು, ಮಗುವಿನ ಲವಲವಿಕೆ, ತಿಂಗಳ ತೂಕ ಇವೇ ಸರಿಯಾದ ಲೆಕ್ಕ. ಹೊಸ ರುಚಿಯನ್ನು ಒಪ್ಪಿಕೊಳ್ಳಲು ಮಗುವಿಗೆ 8 ರಿಂದ 15 ಬಾರಿ ಬೇಕಾಗಬಹುದು. ಎರಡು ಸಲ ಉಗುಳಿತು ಎಂದು ಆ ಆಹಾರವನ್ನೇ ಕೈಬಿಡುವುದು ಬಹಳ ಸಾಮಾನ್ಯವಾದ ತಪ್ಪು.

ಓಕರಿಕೆ ಮತ್ತು ಉಸಿರುಗಟ್ಟುವುದರ ವ್ಯತ್ಯಾಸ ಮನೆಯಲ್ಲಿ ತಿನ್ನಿಸುವ ಪ್ರತಿಯೊಬ್ಬರಿಗೂ ಗೊತ್ತಿರಬೇಕು. ಓಕರಿಕೆಯಲ್ಲಿ ಸದ್ದು ಇರುತ್ತದೆ. ಮಗು ಕೆಮ್ಮುತ್ತದೆ, ಮುಖ ಕೆಂಪಾಗುತ್ತದೆ, ನಾಲಿಗೆ ಚಾಚಿ ತುಂಡನ್ನು ಮುಂದಕ್ಕೆ ತರುತ್ತದೆ. ಸುಮ್ನೆ ಹತ್ತಿರ ಕೂತು ನೋಡಿ, ಬಾಯಿಗೆ ಬೆರಳು ಹಾಕಬೇಡಿ, ತುಂಡು ಇನ್ನೂ ಒಳಕ್ಕೆ ಹೋಗಬಹುದು. ಉಸಿರುಗಟ್ಟಿದಾಗ ಸದ್ದೇ ಇರುವುದಿಲ್ಲ. ಅಳಲಾಗದು, ಕೆಮ್ಮಲಾಗದು, ತುಟಿ ನೀಲಿಯಾಗುತ್ತಾ ಬರುತ್ತದೆ. ಒಂದು ವರ್ಷದೊಳಗಿನ ಮಗುವಾದರೆ ತಕ್ಷಣ ಮುಂಗೈ ಮೇಲೆ ಕವುಚಿ ಮಲಗಿಸಿ, ತಲೆ ಎದೆಗಿಂತ ಕೆಳಗಿರುವಂತೆ ಹಿಡಿದು, ಬೆನ್ನಿನ ಮೇಲೆ ಎರಡು ಭುಜಗಳ ನಡುವೆ ಅಂಗೈ ಬುಡದಿಂದ 5 ಬಾರಿ ಗಟ್ಟಿಯಾಗಿ ತಟ್ಟಿ. ಹೊರಬರದಿದ್ದರೆ ಅಂಗಾತ ತಿರುಗಿಸಿ ಎದೆಯ ಮಧ್ಯೆ 5 ಬಾರಿ ಒತ್ತಿ. ಹೀಗೆ ಒಂದಾದ ಮೇಲೊಂದು ಮಾಡುತ್ತಾ ಇರಿ, ಜೊತೆಗಿದ್ದವರು ತುರ್ತು ಸಹಾಯಕ್ಕೆ ಫೋನ್ ಮಾಡಲಿ. ಓದಿ ತಿಳಿದದ್ದು ಆ ಗಳಿಗೆಯಲ್ಲಿ ಕೈಗೆ ಬರುವುದು ಕಷ್ಟ. ಪ್ರಥಮ ಚಿಕಿತ್ಸೆಯ ತರಬೇತಿಯಲ್ಲಿ ಬೊಂಬೆಯ ಮೇಲೆ ಮಾಡಿ ಕಲಿತಿರಿ.

ಹಂತ 7: ಎಸೆಯುವುದು ಶುರುವಾದಾಗ

ಸುಮಾರು 8ನೇ ತಿಂಗಳಿಂದ ಬೀಳಿಸುವುದೇ ಆಟ. ಕೈ ಬಿಟ್ಟರೆ ಕೆಳಗೆ ಹೋಗುತ್ತದೆ, ಸದ್ದು ಬರುತ್ತದೆ, ಅಮ್ಮ ಬಗ್ಗುತ್ತಾಳೆ. ಮಗು ಇದನ್ನು ಪರೀಕ್ಷೆ ಮಾಡಿ ನೋಡುತ್ತಿದೆ, ನಿಮ್ಮ ಮೇಲಿನ ಸಿಟ್ಟಿಗೆ ಅಲ್ಲ.

ನೀವು ನಕ್ಕರೆ ಮತ್ತೆ ಎಸೆಯುತ್ತದೆ. ಗದರಿದರೂ ಮತ್ತೆ ಎಸೆಯುತ್ತದೆ. ಬಿದ್ದ ಚಮಚವನ್ನು ಪ್ರತಿ ಸಲ ಎತ್ತಿಕೊಟ್ಟರಂತೂ ಆಟ ಮುಗಿಯುವುದೇ ಇಲ್ಲ. ಮುಖದಲ್ಲಿ ಏನೂ ತೋರಿಸದೆ ಇದನ್ನು ಮಾಡಿ: ಟ್ರೇಯ ಮೂಲೆಯಲ್ಲಿ ಒಂದು ಖಾಲಿ ಬಟ್ಟಲು ಇಡಿ. "ಬೇಡ್ವಾ ಪುಟ್ಟ? ಇಲ್ಲಿ ಹಾಕು" ಎಂದು ಕೈ ಹಿಡಿದು ತೋರಿಸಿ. ಬಿದ್ದದ್ದನ್ನು ಊಟ ಮುಗಿಯುವವರೆಗೆ ಎತ್ತಬೇಡಿ. ಎರಡನೇ ಸಲ ಬೇಕೆಂದೇ ಎಸೆದರೆ "ಸಾಕಾಯ್ತಾ? ಸರಿ" ಎಂದು ಆಹಾರ ತೆಗೆದುಬಿಡಿ. ಮನೆಯಲ್ಲಿ ತಿನ್ನಿಸುವವರೆಲ್ಲ ಒಂದೇ ರೀತಿ ಮಾಡಬೇಕು. ಅಜ್ಜಿ ಎತ್ತಿಕೊಟ್ಟು, ಅಮ್ಮ ಬಿಟ್ಟುಬಿಟ್ಟರೆ ಮಗು ಯಾವುದನ್ನು ಕಲಿಯಬೇಕು?

ಮನೆಯಲ್ಲಿ ನಾಯಿ ಇದ್ದರೆ ಊಟದ ಹೊತ್ತಿಗೆ ಬೇರೆ ಕೋಣೆಯಲ್ಲಿರಲಿ. ಬಿದ್ದ ದ್ರಾಕ್ಷಿ, ಒಣದ್ರಾಕ್ಷಿ ನಾಯಿಗೆ ವಿಷ.

ಹಂತ 8: ನಿಲ್ಲಿಸುವುದು, ಮೇಲಿನಿಂದ ಕೆಳಕ್ಕೆ ಒರೆಸುವುದು

ಮುಖ ತಿರುಗಿಸುವುದು, ತುಟಿ ಬಿಗಿಯುವುದು, ಬೆನ್ನು ಸೆಟೆಸುವುದು, ಚಮಚ ದೂಡುವುದು, ಆಹಾರವನ್ನು ಸುಮ್ನೆ ಟ್ರೇ ಮೇಲೆ ಬಳಿಯುತ್ತಾ ಕೂರುವುದು. ಇವು ಸಾಕು ಎನ್ನುವ ಚಿಹ್ನೆಗಳು. ಇನ್ನೊಂದೇ ತುತ್ತು ಎಂದು ಎಳೆದಷ್ಟೂ ರಾಡಿ ಹರಡುತ್ತದೆ. ಹೇಗೂ 20 ರಿಂದ 30 ನಿಮಿಷಕ್ಕೆ ಊಟ ಮುಗಿಸಿ.

ಈಗ ಕ್ರಮ ಮುಖ್ಯ:

1. ಉಳಿದ ಆಹಾರ, ಬಟ್ಟಲು, ಚಮಚ ಎಲ್ಲವನ್ನೂ ಮಗುವಿನ ಕೈಗೆ ಸಿಗದಂತೆ ತೆಗೆಯಿರಿ.
2. ಟ್ರೇ ಹಾಗೇ ಇರಲಿ, ಬೆಲ್ಟ್ ಬಿಚ್ಚಬೇಡಿ. ಮೊದಲ ಬಟ್ಟೆಯಿಂದ ಕೈಗಳನ್ನು ಒರೆಸಿ, ಬೆರಳ ಸಂದು, ಅಂಗೈ, ಮಣಿಕಟ್ಟು. ಮುಖ ಮೊದಲು ಒರೆಸಿದರೆ ಮಗು ಅದೇ ಕೈಯಿಂದ ಮತ್ತೆ ಮುಖಕ್ಕೆ ಬಳಿದುಕೊಳ್ಳುತ್ತದೆ.
3. ಎರಡನೇ ಬಟ್ಟೆಯಿಂದ ಮುಖ. ಉಜ್ಜಬೇಡಿ, ಒತ್ತಿ ತೆಗೆಯಿರಿ. ಹಿಂದಿನಿಂದ ಬಂದು ಮುಖ ಮುಚ್ಚಿದರೆ ಮಗು ಹೆದರುತ್ತದೆ. ಎದುರಿನಿಂದ, ಬಟ್ಟೆ ತೋರಿಸಿ, ಹೇಳಿ ಒರೆಸಿ. ಕುತ್ತಿಗೆಯ ಮಡಿಕೆ, ಕಿವಿಯ ಹಿಂದೆ ಮರೆಯಬೇಡಿ. ಅಲ್ಲಿ ಉಳಿದ ಹಾಲು, ಗಂಜಿಯಿಂದ ಚರ್ಮ ಕೆಂಪಾಗುತ್ತದೆ.
4. ಬಿಬ್ ಅನ್ನು ಒಳಮುಖವಾಗಿ ಮಡಿಚುತ್ತಾ ತೆಗೆಯಿರಿ. ಬಿಬ್ ಹಾಕಿಯೇ ಮಲಗಿಸಬೇಡಿ, ಕುತ್ತಿಗೆಗೆ ಸುತ್ತಿಕೊಳ್ಳಬಹುದು.
5. ಈಗ ಟ್ರೇ ತೆಗೆದು ತೊಡೆ, ಕಾಲು, ಪಾದ ಒರೆಸಿ. ಆಮೇಲೆ ಬೆಲ್ಟ್ ಬಿಚ್ಚಿ ಎತ್ತಿ.
6. ಮಗುವನ್ನು ಸುರಕ್ಷಿತ ಜಾಗದಲ್ಲಿ ಬಿಟ್ಟ ಮೇಲೆ ಟ್ರೇ, ಕುರ್ಚಿ, ಕೊನೆಗೆ ನೆಲ.

ನೆಲದ ಮೇಲೆ ಏನು ಬಿದ್ದಿದೆ ಎಂಬುದರ ಮೇಲೆ ಕೆಲಸ ನಿಂತಿದೆ. ಗಂಜಿ, ಬಾಳೆಹಣ್ಣು, ಮೊಸರು ಹಸಿ ಇರುವಾಗಲೇ ಒರೆಸಿ. ಒಣಗಿದ ಓಟ್ಸ್ ಗಂಜಿ ಗಾರೆಯಂತೆ ಹಿಡಿಯುತ್ತದೆ. ಅದಕ್ಕೆ ಒದ್ದೆ ಬಟ್ಟೆ ಮುಚ್ಚಿ ಹತ್ತು ನಿಮಿಷ ಬಿಟ್ಟರೆ ತಾನೇ ಬಿಡುತ್ತದೆ, ಚಾಕುವಿನಿಂದ ಕೆರೆಯಬೇಡಿ. ಅನ್ನದ ಅಗುಳು, ಬ್ರೆಡ್ಡಿನ ಚೂರು ಮಾತ್ರ ಉಲ್ಟಾ. ಹಸಿಯಲ್ಲಿ ಒರೆಸಿದರೆ ನೆಲಕ್ಕೆಲ್ಲ ಬಳಿಯುತ್ತದೆ. ಒಣಗಲು ಬಿಟ್ಟು ಗುಡಿಸಿ, ಆದರೆ ಅಷ್ಟರವರೆಗೆ ಅಂಬೆಗಾಲಿನ ಮಗುವನ್ನು ಆ ಕಡೆ ಬಿಡಬೇಡಿ.

ಬಿಬ್, ಬಟ್ಟಲಲ್ಲಿ ಉಳಿದ ಅನ್ನ, ಗಂಜಿಯನ್ನು ಕಸದ ಬುಟ್ಟಿಗೆ ಕೆರೆದು ಆಮೇಲೆ ತೊಳೆಯಿರಿ. ನೇರವಾಗಿ ಸಿಂಕ್‌ಗೆ ಬಿಟ್ಟರೆ ಪೈಪು ಕಟ್ಟಿಕೊಳ್ಳುತ್ತದೆ. ಒದ್ದೆ ವೈಪ್ಸ್ ಬಳಸಿದರೆ ಅದೂ ಬುಟ್ಟಿಗೇ, ಶೌಚದ ಗುಂಡಿಗೆ ಅಲ್ಲ. ಎಂಜಲು ಚಮಚ ತಾಗಿದ ಆಹಾರವನ್ನು ಮುಂದಿನ ಹೊತ್ತಿಗೆ ಎತ್ತಿಡಬೇಡಿ. ಮೊದಲೇ ಬೇರೆ ತೆಗೆದಿಟ್ಟ ದೊಡ್ಡ ಪಾಲನ್ನು ಎರಡು ಗಂಟೆಯೊಳಗೆ ಫ್ರಿಜ್‌ಗೆ ಸೇರಿಸಿ.

ಹಂತ 9: ಬಟ್ಟೆಯ ಕಲೆ

ಎಲ್ಲ ಕಲೆಗೂ ಬಿಸಿನೀರು ಸುರಿಯುವುದು ದೊಡ್ಡ ತಪ್ಪು. ಹಾಲು, ಮೊಸರು, ಮೊಟ್ಟೆಯ ಪ್ರೋಟೀನ್ ಬಿಸಿಗೆ ಗಟ್ಟಿಯಾಗಿ ನೂಲಿಗೆ ಹಿಡಿದುಕೊಳ್ಳುತ್ತದೆ. ಇವಕ್ಕೆ ಮೊದಲು ತಣ್ಣೀರು. ಬಟ್ಟೆಯ ಹಿಂಭಾಗದಿಂದ ನೀರು ಬಿಡಿ, ಕಲೆ ಬಂದ ದಾರಿಯಲ್ಲೇ ಹೊರಬೀಳಲಿ. ಆಮೇಲೆ ಸೋಪು ಹಚ್ಚಿ ಅರ್ಧ ಗಂಟೆ ನೆನೆಹಾಕಿ.

ಬಾಳೆಹಣ್ಣು ಮೋಸದ ಕಲೆ. ಹಸಿಯಲ್ಲಿ ಕಾಣುವುದೇ ಇಲ್ಲ, ಗಾಳಿ ತಾಗಿ ಕೆಲ ಗಂಟೆಗಳಲ್ಲಿ ಕಂದಾಗುತ್ತದೆ. ಕಾಣದಿದ್ದರೂ ಕೂಡಲೇ ತಣ್ಣೀರಲ್ಲಿ ಜಾಲಿಸಿ. ಕ್ಯಾರೆಟ್, ಟೊಮೇಟೊ ಬಣ್ಣ ಕೊಬ್ಬಿನಲ್ಲಿ ಕರಗುವಂಥದ್ದು, ಬರೀ ನೀರಿಗೆ ಬಗ್ಗುವುದಿಲ್ಲ. ಪಾತ್ರೆ ತೊಳೆಯುವ ಲಿಕ್ವಿಡ್ ಎರಡು ಹನಿ ಹಾಕಿ ಉಜ್ಜಿ, ಒಗೆದು, ಒದ್ದೆ ಇರುವಾಗಲೇ ನೇರ ಬಿಸಿಲಿಗೆ ಹರವಿ. ಸೋಪು ಬಿಟ್ಟು ಉಳಿಸಿದ ಕಿತ್ತಳೆ ಬಣ್ಣವನ್ನು ಬಿಸಿಲು ತಿನ್ನುತ್ತದೆ. ಪ್ಲಾಸ್ಟಿಕ್ ಟ್ರೇ, ಬಟ್ಟಲಿಗೂ ಇದೇ ಉಪಾಯ.

ಬ್ಲೀಚ್ ಬಳಸುವವರು ಅದರ ಜೊತೆ ವಿನೆಗರ್ ಅಥವಾ ನಿಂಬೆರಸ ಎಂದೂ ಸೇರಿಸಬೇಡಿ. ವಿಷದ ಗಾಳಿ ಹುಟ್ಟುತ್ತದೆ.

ಹಂತ 10: ವಾರಕ್ಕೊಮ್ಮೆ ಕುರ್ಚಿ

ಬೆಲ್ಟ್ ಕಳಚಿ ಸೋಪುನೀರಲ್ಲಿ ನೆನೆಹಾಕಿ, ಹಳೇ ಹಲ್ಲುಜ್ಜುವ ಬ್ರಷ್‌ನಿಂದ ಉಜ್ಜಿ, ಪೂರ್ತಿ ಒಣಗಿದ ಮೇಲೆ ಹಾಕಿ. ಒದ್ದೆಯಾಗೇ ಹಾಕಿದರೆ ಬೂಷ್ಟು ಬರುತ್ತದೆ. ಟ್ರೇಯ ಕೆಳಭಾಗ, ಬಕಲ್ ಒಳಗೆ, ಸೀಟಿನ ಸಂದಿನಲ್ಲಿ ನೋಡಿ. ಸಿಲಿಕೋನ್ ಬಿಬ್‌ಗೆ ಜಿಡ್ಡಿನ ವಾಸನೆ ಹಿಡಿದಿದ್ದರೆ ಕುದಿನೀರಲ್ಲಿ ಕೆಲ ನಿಮಿಷ ಅದ್ದಿಡಿ. ಒರೆಸುವ ಬಟ್ಟೆಗಳನ್ನು ಪ್ರತಿ ಊಟದ ನಂತರ ಒಗೆಯಲು ಹಾಕಿ. ಪಾತ್ರೆ ಉಜ್ಜುವ ಸ್ಪಂಜಿನಿಂದ ಟ್ರೇ ಒರೆಸಬೇಡಿ, ಅದರಲ್ಲಿ ಸೂಕ್ಷ್ಮಾಣುಗಳು ಜಾಸ್ತಿ.

ಯಾವಾಗ ಡಾಕ್ಟರ ಹತ್ತಿರ ಹೋಗಬೇಕು

ರಾಡಿ ಮಾಡುವ ಮಗು ಚೆನ್ನಾಗಿಯೇ ಕಲಿಯುತ್ತಿದೆ. ನಾವು ಗಮನ ಕೊಡಬೇಕಾದ್ದು ಬೇರೆ ಕಡೆ. ಮೆತ್ತನೆಯದು ಕೈಗೆ ತಾಗಿದರೇ ಪ್ರತಿ ಸಲ ಕಿರುಚಿ ಅಳುವುದು. 10 ತಿಂಗಳಾದರೂ ನುಣ್ಣಗೆ ಅರೆದದ್ದನ್ನು ಬಿಟ್ಟು ಚೂರು ಗಟ್ಟಿ ಇದ್ದರೂ ಓಕರಿಸಿ ವಾಂತಿ ಮಾಡುವುದು. ನೀರು ಕುಡಿದಾಗಲೆಲ್ಲ ಕೆಮ್ಮುವುದು, ಊಟದ ನಂತರ ಗಂಟಲಲ್ಲಿ ಗೊರಗೊರ ಸದ್ದು. ತೂಕ ಏರದಿರುವುದು. ಇವುಗಳಲ್ಲಿ ಯಾವುದು ಕಂಡರೂ ಮಕ್ಕಳ ಡಾಕ್ಟರಿಗೆ ತೋರಿಸಿ.

ಆಹಾರ ತಾಗಿದ ಕಡೆ ಮಾತ್ರ ಕೆಂಪಾಗಿ, ತೊಳೆದ ಮೇಲೆ ಬೇಗ ಇಳಿದರೆ ಅದು ಹೆಚ್ಚಾಗಿ ಚರ್ಮದ ಉರಿ ಅಷ್ಟೇ. ಮೈಮೇಲೆ ಬೇರೆ ಕಡೆಯೂ ದದ್ದು ಎದ್ದರೆ, ತುಟಿ ಕಣ್ಣು ಊದಿದರೆ, ಮೇಲಿಂದ ಮೇಲೆ ವಾಂತಿಯಾದರೆ ಅಲರ್ಜಿ ಇರಬಹುದು. ಉಸಿರಾಟದಲ್ಲಿ ತೊಂದರೆ ಕಂಡರೆ ಅಥವಾ ಮಗು ಸುಸ್ತಾಗಿ ಜೋತುಬಿದ್ದರೆ ಕಾಯಬೇಡಿ, ಆ ಕ್ಷಣವೇ ಆಸ್ಪತ್ರೆಗೆ ಹೊರಡಿ.

ಇವ್ಯಾವುದೂ ಇಲ್ಲದ ಮಗುವಿಗೆ ಬೇಕಾದ್ದು ಸಮಯ. 18 ತಿಂಗಳ ಹೊತ್ತಿಗೆ ಹೆಚ್ಚಿನ ಮಕ್ಕಳು ತಾವೇ ಚಮಚ ಹಿಡಿದು ಯತ್ನಿಸುತ್ತಾರೆ, ತೆರೆದ ಲೋಟದಿಂದ ಅಲ್ಪಸ್ವಲ್ಪ ಚೆಲ್ಲುತ್ತಾ ಕುಡಿಯುತ್ತಾರೆ. 2 ವರ್ಷಕ್ಕೆ ಚಮಚದಿಂದ ತಿನ್ನುತ್ತಾರೆ. ಅಲ್ಲಿಯವರೆಗೆ ಹಾಸು, ತೋಳಿನ ಬಿಬ್, ಎರಡು ಒದ್ದೆ ಬಟ್ಟೆ ಬೇಕು. ಮೊದಲು ತೆಗೆದಿಡಬಹುದಾದ್ದು ತೋಳಿನ ಬಿಬ್, ಕೊನೆಯಲ್ಲಿ ತೆಗೆಯಬೇಕಾದ್ದು ನೆಲದ ಹಾಸು.